ಹೆಸರು ಕಸಿಯಲು ಕೋರ್ಟ್ ಬೇಕಿಲ್ಲ, ಒಂದು ನೋಟಿಸ್ ಸಾಕು

ಮಾನ್ಯ ಸಂಪಾದಕರೇ,

ಬೆಂಗಳೂರಿನವರಿಗೆ ನಂದಿನಿ ಅಂದರೆ ಹಾಲಿನ ಬೂತು, ನಂದಿನಿ ಡಿಲಕ್ಸ್ ಅಂದರೆ ಆಂಧ್ರ ಊಟದ ಹೋಟೆಲ್. ಬಿರಿಯಾನಿ ಕೇಳಿಕೊಂಡು ಹಾಲಿನ ಬೂತಿನ ಮುಂದೆ ನಿಂತವರು ಯಾರೂ ಇರಲಿಕ್ಕಿಲ್ಲ. ಆದರೂ ಈ ಎರಡು ಹೆಸರಿನ ಜಗಳ ಸುಪ್ರೀಂ ಕೋರ್ಟ್ ತನಕ ಹೋಗಿತ್ತು, ನೆನಪಿದೆಯಾ? ಕೆಎಂಎಫ್ 1985ರಿಂದ ನಂದಿನಿ ಹೆಸರು ಬಳಸುತ್ತಿದೆ. ಹೋಟೆಲ್‌ನವರು ತಮ್ಮ ಹೆಸರು ಶುರು ಮಾಡಿದ್ದು 1989ರಲ್ಲಿ. ಆಮೇಲೆ ಅವರು ಅದನ್ನು ಟ್ರೇಡ್‌ಮಾರ್ಕ್ ಆಗಿ ನೋಂದಣಿ ಮಾಡಿಸಲು ಅರ್ಜಿ ಹಾಕಿದರು, ಕೆಎಂಎಫ್ ತಕರಾರು ತೆಗೆಯಿತು. 2007ರಲ್ಲಿ ನೋಂದಣಿ ಅಧಿಕಾರಿ ಹೋಟೆಲ್ ಪರ ಹೇಳಿದರು. 2011ರಲ್ಲಿ ಮೇಲ್ಮನವಿ ಮಂಡಳಿ ಅದನ್ನು ತಿರುಗಿಸಿ ಹಾಕಿತು. 2014ರಲ್ಲಿ ನಮ್ಮ ಹೈಕೋರ್ಟ್ ಮಂಡಳಿ ಹೇಳಿದ್ದೇ ಸರಿ ಎಂದಿತು. ಕೊನೆಗೆ 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೋಟೆಲ್‌ನವರನ್ನು ಉಳಿಸಿತು. ನಂದಿನಿ ಅನ್ನುವುದು ಕೆಎಂಎಫ್ ಹೊಸದಾಗಿ ಹುಟ್ಟಿಸಿದ ಹೆಸರಲ್ಲ, ಪುರಾಣದ ಹಸುವಿನ, ದೇವತೆಯ ಹೆಸರು, ಒಬ್ಬರ ಗುರುತಿನಲ್ಲಿ ಹಸು ಇದೆ, ಇನ್ನೊಬ್ಬರದರಲ್ಲಿ ದೀಪ ಇದೆ, ವ್ಯಾಪಾರವೂ ಬೇರೆ ಬೇರೆ, ಹಾಗಾಗಿ ಹಾಲು ಮತ್ತು ಹಾಲಿನ ಪದಾರ್ಥ ಬಿಟ್ಟು ಉಳಿದದ್ದಕ್ಕೆ ಹೋಟೆಲ್‌ನವರು ಹೆಸರು ಇಟ್ಟುಕೊಳ್ಳಲಿ ಎಂದಿತು ಕೋರ್ಟ್.

ಇಷ್ಟು ಹೇಳಲು ನಾಲ್ಕು ಮೆಟ್ಟಿಲು ಹತ್ತಬೇಕಾಯಿತು. ಕೆಎಂಎಫ್ ನಮ್ಮ ರೈತರ ಸಂಸ್ಥೆ, ಅದರ ಮೇಲೆ ನನಗೂ ಅಭಿಮಾನ ಇದೆ. ಆದರೆ ದೊಡ್ಡವರ ದಬ್ಬಾಳಿಕೆ ಅಂದ ತಕ್ಷಣ ಅಮೆರಿಕದ ಕಂಪನಿಯನ್ನೇ ಬೈಯುವುದು ನಮಗೆ ಅಭ್ಯಾಸ ಆಗಿದೆ. ಅದಕ್ಕೇ ಮನೆಯಿಂದಲೇ ಶುರು ಮಾಡಿದೆ.

ಈಗ ವಿಷಯಕ್ಕೆ ಬರುತ್ತೇನೆ. ಆ ಹೋಟೆಲ್‌ನವರಿಗೆ ಹಲವು ಶಾಖೆ ಇದ್ದವು, ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇತ್ತು, ದೆಹಲಿ ತನಕ ಹೋದರು, ಗೆದ್ದರು. ಅಷ್ಟು ಶಕ್ತಿ ಇಲ್ಲದವರ ಗತಿ ಏನು? ಅವರ ಪ್ರಕರಣ ಯಾವ ತೀರ್ಪಿನ ಪುಸ್ತಕದಲ್ಲೂ ಸಿಗುವುದಿಲ್ಲ. ಯಾಕೆಂದರೆ ಅದು ಕೋರ್ಟಿಗೇ ಹೋಗಿರುವುದಿಲ್ಲ. ಒಂದು ನೋಟಿಸ್ ಬರುತ್ತದೆ, ಅವರು ಬೋರ್ಡ್ ಇಳಿಸುತ್ತಾರೆ. ಕಥೆ ಅಲ್ಲಿಗೆ ಮುಗಿಯಿತು. ಪತ್ರಿಕೆಗಳಲ್ಲಿ ಬರುವುದು ಕೋರ್ಟಿಗೆ ಹೋದ ಜಗಳಗಳು ಮಾತ್ರ, ನಾನು ಬರೆಯುತ್ತಿರುವುದು ಹೋಗದೇ ಇದ್ದವುಗಳ ಬಗ್ಗೆ.

ನಾನು ದಾವಣಗೆರೆಯಲ್ಲಿ ಸಣ್ಣ ಅಂಗಡಿಗಳ ಲೆಕ್ಕಪತ್ರ, ಜಿಎಸ್‌ಟಿ ಕೆಲಸ ಮಾಡುವವನು. ವಕೀಲನಲ್ಲ. ಆದರೆ ಇಂಗ್ಲಿಷ್‌ನಲ್ಲಿ ಯಾವ ಕಾಗದ ಬಂದರೂ ಜನ ಮೊದಲು ನಮ್ಮಂಥವರ ಹತ್ತಿರವೇ ತರುತ್ತಾರೆ. ಒಬ್ಬ ಅಕ್ಕ ಇದ್ದಾರೆ, ಮನೆಯಲ್ಲೇ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಓಣಿಯ ಇನ್ನೂ ನಾಲ್ಕೈದು ಹೆಂಗಸರು ಅವರ ಜೊತೆ ಕೆಲಸಕ್ಕೆ ಬರುತ್ತಾರೆ. ಮಗಳು ಇನ್‌ಸ್ಟಾಗ್ರಾಂನಲ್ಲಿ ಒಂದು ಪೇಜ್ ಮಾಡಿಕೊಟ್ಟಿದ್ದಳು, ಬೆಂಗಳೂರಿನಿಂದೆಲ್ಲ ಆರ್ಡರ್ ಬರಲು ಶುರುವಾಗಿತ್ತು. ಒಂದು ದಿನ ದಪ್ಪ ಲಕೋಟೆ ಹಿಡಿದುಕೊಂಡು ಬಂದರು. "ಸರ್, ಇದ್ರಾಗೆ ಏನ್ ಬರ್ದಾರೆ ಸ್ವಲ್ಪ ನೋಡ್ರಿ, ಮಗಳು ಓದಿ ಅಳಾಕ್ ಹತ್ಯಾಳ" ಅಂದರು.

ನೋಡಿದೆ. ಒಂದು ದೊಡ್ಡ ಆಹಾರ ಕಂಪನಿಯ ಪರವಾಗಿ ಬೇರೆ ರಾಜ್ಯದ ವಕೀಲರ ಕಚೇರಿಯಿಂದ ಬಂದದ್ದು. ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ, ಅಕ್ಕನಿಗೆ ಮತ್ತೆ ತೊಂದರೆ ಆಗುವುದು ಬೇಡ. ಅಕ್ಕನ ಬ್ರ್ಯಾಂಡಿನಲ್ಲಿ ಎರಡು ಪದ. ಅದರಲ್ಲಿ ಒಂದು ಪದ ಆ ಕಂಪನಿಯ ಹೆಸರಿನಲ್ಲೂ ಇದೆ. ನಮ್ಮ ಯಾವ ಅಡುಗೆಮನೆಯಲ್ಲಾದರೂ ದಿನಕ್ಕೆ ಹತ್ತು ಸಲ ಕೇಳುವ ಪದ ಅದು. ಉಳಿದಂತೆ ಬಣ್ಣ ಬೇರೆ, ಅಕ್ಷರ ಬೇರೆ, ಅವರದು ಥಳಥಳ ಹೊಳೆಯುವ ಪ್ಯಾಕೆಟ್, ಇವರದು ಪಾರದರ್ಶಕ ಪ್ಲಾಸ್ಟಿಕ್ ಕವರಿನ ಮೇಲೆ ಅಂಟಿಸಿದ ಸ್ಟಿಕ್ಕರ್. ನೋಟಿಸಿನಲ್ಲಿ ಏನಿತ್ತು ಅಂದರೆ, ತಕ್ಷಣ ಹೆಸರು ಬಿಡಬೇಕು, ಇರುವ ಪ್ಯಾಕೆಟ್, ಸ್ಟಿಕ್ಕರ್ ಎಲ್ಲ ನಾಶ ಮಾಡಬೇಕು, ಇನ್‌ಸ್ಟಾಗ್ರಾಂ ಪೇಜ್ ತಮಗೆ ಒಪ್ಪಿಸಬೇಕು, ಶುರುವಿನಿಂದ ಎಷ್ಟು ವ್ಯಾಪಾರ ಆಗಿದೆ ಅನ್ನುವ ಲೆಕ್ಕ ಕೊಡಬೇಕು, ಇನ್ನು ಮುಂದೆ ಈ ಪದವನ್ನಾಗಲಿ, ಇದನ್ನು ಹೋಲುವ ಯಾವ ಪದವನ್ನಾಗಲಿ ಬಳಸುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು, ಇಲ್ಲದಿದ್ದರೆ ಸಿವಿಲ್ ದಾವೆ, ಜೊತೆಗೆ ಕ್ರಿಮಿನಲ್ ಕ್ರಮ. ಕ್ರಿಮಿನಲ್ ಅನ್ನುವ ಒಂದು ಪದ ಸಾಕಲ್ವಾ? ಮಗಳು ಅತ್ತದ್ದು ಅಲ್ಲಿಗೇ.

ಅಕ್ಕ ಹೆಸರು ಬಿಟ್ಟರು. ಒಬ್ಬ ವಕೀಲರನ್ನು ಕೇಳಿ ನೋಡೋಣ ಅಂದೆ. ಯಜಮಾನರು ಬೇಡವೇ ಬೇಡ ಅಂದರು, ಕೋರ್ಟು ಕಚೇರಿ ಅಲೆಯುವುದು ನಮ್ಮ ಕೈಲಾಗದು ಅಂತ. ಅದು ತಪ್ಪು ಅನ್ನಲು ನನ್ನ ಬಾಯಿ ಬರಲಿಲ್ಲ.

ಹೆಸರು ಬದಲಿಸುವುದು ಅಂದರೆ ಸುಮ್ನೆ ಬೋರ್ಡ್ ಬದಲಿಸಿದಷ್ಟು ಸಲೀಸು ಅಂದುಕೊಂಡವರಿದ್ದಾರೆ. ಎಫ್‌ಎಸ್‌ಎಸ್‌ಎಐ ದಾಖಲೆ, ಜಿಎಸ್‌ಟಿಯಲ್ಲಿ ವ್ಯಾಪಾರದ ಹೆಸರು, ಉದ್ಯಮ್ ನೋಂದಣಿ, ಬ್ಯಾಂಕ್ ಖಾತೆ, ಫೋನ್‌ಪೇ ಕ್ಯೂಆರ್, ಗೂಗಲ್ ಮ್ಯಾಪಿನಲ್ಲಿದ್ದ ಗುರುತು, ಅದರ ಕೆಳಗೆ ಗಿರಾಕಿಗಳು ಬರೆದಿದ್ದ ಒಳ್ಳೆಯ ಮಾತುಗಳು, ಎಲ್ಲವನ್ನೂ ಮುಟ್ಟಬೇಕು. ಮುದ್ರಿಸಿಟ್ಟಿದ್ದ ಸ್ಟಿಕ್ಕರ್ ಕಟ್ಟು ಒಲೆಗೆ ಹೋಯಿತು. ಜಾಸ್ತಿ ನೋವಾಗಿದ್ದು ಅದಲ್ಲ. ರಾಣೆಬೆನ್ನೂರಿನ ಒಬ್ಬ ಕಿರಾಣಿ ಅಂಗಡಿಯವರು ಹೊಸ ಹೆಸರಿನ ಪ್ಯಾಕೆಟ್ ನೋಡಿ, ಇದು ಬೇರೆ ಯಾರದೋ ಮಾಲು, ನಮಗೆ ಹಳೇದೇ ಬೇಕು ಎಂದು ವಾಪಸ್ ಕಳಿಸಿದರಂತೆ. ಪುಡಿ ಅದೇ, ಕೈ ಅದೇ. ಮತ್ತೆ ಮೊದಲಿನಿಂದ ಹೇಳಿಕೊಂಡು ಬರಬೇಕಾಯಿತು.

ನಾನು ಆಮೇಲೆ ಕಾಯಿದೆ ಪುಸ್ತಕ ಹಿಡಿದು ಕೂತೆ. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆ, ಜಾರಿಗೆ ಬಂದದ್ದು 2003ರಲ್ಲಿ. ಓದಿದ ಮೇಲೆ ಗೊತ್ತಾಯಿತು, ಕಾಯಿದೆ ಅಷ್ಟೇನೂ ದೊಡ್ಡವರ ಕಡೆ ವಾಲಿಲ್ಲ. ನೋಟಿಸ್ ಬರೆಯುವವರು ಅದರಲ್ಲಿ ತಮಗೆ ಬೇಕಾದ ಕಲಮುಗಳನ್ನು ಮಾತ್ರ ಎತ್ತಿ ಬರೆಯುತ್ತಾರೆ, ಅಷ್ಟೇ. ಬರೆಯದೇ ಬಿಡುವ ಕೆಲವನ್ನು ಇಲ್ಲಿ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. 17ನೇ ಕಲಂ ಪ್ರಕಾರ ನೋಂದಣಿಯ ಹಕ್ಕು ಇರುವುದು ಇಡೀ ಹೆಸರಿನ ಮೇಲೆ, ಅದರೊಳಗಿನ ಎಲ್ಲರೂ ಬಳಸುವ ಮಾಮೂಲಿ ಪದದ ಮೇಲೆ ಪ್ರತ್ಯೇಕವಾಗಿ ಇರುವುದಿಲ್ಲ. 34ನೇ ಕಲಂ ಇನ್ನೂ ಮುಖ್ಯ. ದೊಡ್ಡವರು ಆ ಹೆಸರು ಬಳಸಲು ಶುರು ಮಾಡಿದ ದಿನ, ನೋಂದಣಿಯ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದಕ್ಕೂ ಮುಂಚಿನಿಂದ ನೀವು ಆ ಹೆಸರಲ್ಲಿ ಬಿಡದೆ ವ್ಯಾಪಾರ ಮಾಡುತ್ತಿದ್ದರೆ ನಿಮ್ಮನ್ನು ಯಾರೂ ಅಲುಗಾಡಿಸುವಂತಿಲ್ಲ, ನಿಮ್ಮದು ನೋಂದಣಿ ಆಗಿರದಿದ್ದರೂ ಸರಿ. 35ನೇ ಕಲಂ ಪ್ರಕಾರ ನಿಮ್ಮ ಸ್ವಂತ ಹೆಸರನ್ನು, ಅಂಗಡಿ ಇರುವ ಊರಿನ ಹೆಸರನ್ನು ಪ್ರಾಮಾಣಿಕವಾಗಿ ಬಳಸಿದರೆ, ಅಥವಾ ಮಾಲು ಎಂಥದ್ದು ಎಂದು ಹೇಳಿದರೆ ತಪ್ಪಲ್ಲ. 142ನೇ ಕಲಂ ಅಂತೂ ನೋಟಿಸ್ ಬಂದವರೆಲ್ಲ ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕಾದ್ದು. ಆಧಾರ ಇಲ್ಲದೆ ಟ್ರೇಡ್‌ಮಾರ್ಕ್ ಹೆಸರಲ್ಲಿ ಬೆದರಿಸಿದರೆ, ಬೆದರಿಕೆಗೆ ಒಳಗಾದವರೇ ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಬಹುದು, ಆದ ನಷ್ಟವನ್ನೂ ಕೇಳಬಹುದು.

ಹಾಗಾದರೆ ಯಾರೂ ಯಾಕೆ ಹೋಗುವುದಿಲ್ಲ? ಆ 142ರಲ್ಲೇ ಒಂದು ತೂತು ಇದೆ. ಬೆದರಿಸಿದ ಕಂಪನಿ ತಡ ಮಾಡದೆ ದಾವೆ ಹೂಡಿ ನಡೆಸಿದರೆ ಈ ಪರಿಹಾರ ಅಲ್ಲಿಗೇ ನಿಲ್ಲುತ್ತದೆ. ಅಂದರೆ ನೀವು ತಿರುಗಿ ಬಿದ್ದಿರೋ, ಅವರು ನಿಜವಾಗಿಯೂ ಕೇಸ್ ಹಾಕುತ್ತಾರೆ. ಹುಲಿ ಹಲ್ಲು ಎಣಿಸಲು ಬಾಯಿಯೊಳಗೆ ಕೈ ಹಾಕಿದ ಹಾಗೆ. ಇನ್ನು ನೋಟಿಸ್ ಬರೆದ ವಕೀಲರಿಗೆ ಈ ಕಲಮಿನಲ್ಲಿ ಯಾವ ಹೊಣೆಯೂ ಇಲ್ಲ, ಅವರು ಕಕ್ಷಿದಾರರ ಪರವಾಗಿ ಬರೆದದ್ದು ಅಂತ ಕಾಯಿದೆಯೇ ಬಿಟ್ಟಿದೆ.

ಕೇಸ್ ಎಲ್ಲಿ ಹಾಕುತ್ತಾರೆ ಅನ್ನುವುದು ಇನ್ನೊಂದು ಕಷ್ಟ. ಮಾಮೂಲಿ ಸಿವಿಲ್ ಜಗಳದಲ್ಲಿ ಎದುರಾಳಿ ಇರುವ ಊರಿಗೆ, ಇಲ್ಲವೇ ಘಟನೆ ನಡೆದ ಊರಿಗೆ ಹೋಗಿ ದಾವೆ ಹಾಕಬೇಕು. ಟ್ರೇಡ್‌ಮಾರ್ಕಿನಲ್ಲಿ 134ನೇ ಕಲಂ ಇದೆ, ಕಂಪನಿ ತಾನು ವ್ಯಾಪಾರ ಮಾಡುವ ಊರಿನಲ್ಲೇ ದಾವೆ ಹಾಕಬಹುದು. ಎಲ್ಲೋ ಒಂದು ಶಾಖೆ ಇದೆ ಅನ್ನುವ ನೆಪದಲ್ಲಿ ದೂರದ ಊರಿಗೆ ಎಳೆಯುವುದನ್ನು 2015ರಲ್ಲಿ ಸುಪ್ರೀಂ ಕೋರ್ಟ್ ಸ್ವಲ್ಪ ಕಟ್ಟಿಹಾಕಿದೆ, ನಿಜ. ಆದರೆ ಕಂಪನಿಯ ಮುಖ್ಯ ಕಚೇರಿಯೇ ದೆಹಲಿಯಲ್ಲೋ ಮುಂಬೈಯಲ್ಲೋ ಇದ್ದರೆ ಆ ರಕ್ಷಣೆಯಿಂದ ಏನು ಬಂತು? ಹರಿಹರದ ಉಪ್ಪಿನಕಾಯಿಯವರು ದೆಹಲಿಯ ವಕೀಲರನ್ನು ಹುಡುಕಬೇಕು. ಎಷ್ಟೋ ಸಲ ಎದುರಿನವರ ಮಾತು ಕೇಳುವ ಮೊದಲೇ ತಾತ್ಕಾಲಿಕ ತಡೆಯಾಜ್ಞೆ ಸಿಗುತ್ತದೆ, ಕೋರ್ಟ್ ಕಮಿಷನರ್ ಅಂಗಡಿಗೆ ಬಂದು ಮಾಲು ಪಟ್ಟಿ ಮಾಡಿ ಸೀಲ್ ಹಾಕುತ್ತಾರೆ. ನಕಲಿ ಮಾಲು ಮಾಡುವ ಕಳ್ಳರಿಗೆ ಇದು ಬೇಕೇ ಬೇಕು, ಸುಳಿವು ಸಿಕ್ಕರೆ ಅವರು ಮಾಲು ಸಾಗಿಸಿಬಿಡುತ್ತಾರೆ. ಆದರೆ ಹೆಸರಿನ ಒಂದು ಪದ ಹೋಲುತ್ತದೆ ಅನ್ನುವವರಿಗೂ ಅದೇ ಮದ್ದು ಯಾಕೆ?

ಗೆದ್ದವರ ಕಥೆಯನ್ನೇ ನೋಡಿ. ಪುಣೆಯಲ್ಲಿ ಬರ್ಗರ್ ಕಿಂಗ್ ಅನ್ನುವ ಹೋಟೆಲ್ 1992ರಿಂದ ಇದೆ. ಅಮೆರಿಕದ ಬರ್ಗರ್ ಕಿಂಗ್ ಭಾರತದಲ್ಲಿ ಮೊದಲ ಅಂಗಡಿ ತೆರೆದದ್ದು 2014ರಲ್ಲಿ. ತಮ್ಮ ನೋಂದಣಿ ಇಲ್ಲಿ ಮೊದಲೇ ಇತ್ತು ಅನ್ನುವುದು ಅವರ ವಾದ, ಅದನ್ನು ಇಟ್ಟುಕೊಂಡು 2011ರಲ್ಲೇ, ಅಂದರೆ ಇಲ್ಲಿ ಒಂದು ಬರ್ಗರ್ ಕೂಡ ಮಾರುವ ಮೊದಲೇ, ಪುಣೆಯವರ ಮೇಲೆ ದಾವೆ ಹಾಕಿದರು. 2024ರ ಆಗಸ್ಟ್‌ನಲ್ಲಿ ಪುಣೆಯ ಜಿಲ್ಲಾ ಕೋರ್ಟ್ ಅದನ್ನು ವಜಾ ಮಾಡಿತು. ಜನ ಖುಷಿಪಟ್ಟರು. ಅಷ್ಟರಲ್ಲಿ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್, ಮೇಲ್ಮನವಿ ಮುಗಿಯುವ ತನಕ ಪುಣೆಯವರು ಆ ಹೆಸರು ಬಳಸಬಾರದು ಎಂದಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಹದಿನಾಲ್ಕು ವರ್ಷ ಆದ ಮೇಲೂ ಕೈಯಲ್ಲಿ ಇದ್ದದ್ದು ಒಂದು ತಡೆ. ಟೊಯೊಟಾ ಕಥೆಯೂ ಹೀಗೇ, ಅವರ ಒಂದು ಕಾರಿನ ಹೆಸರು ಪ್ರಿಯಸ್. ದೆಹಲಿಯ ಪ್ರಿಯಸ್ ಆಟೋ ಇಂಡಸ್ಟ್ರೀಸ್ ಅನ್ನುವ ವಾಹನ ಬಿಡಿಭಾಗದ ಕಂಪನಿ 2001ರಿಂದ ಆ ಹೆಸರು ಬಳಸುತ್ತಿತ್ತು. ಟೊಯೊಟಾ 2009ರಲ್ಲಿ ಕೋರ್ಟಿಗೆ ಹೋಯಿತು, 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಿಯಸ್ ಹೆಸರಿನ ವಿಷಯದಲ್ಲಿ ಸೋತಿತು. ಜಪಾನಿನಲ್ಲಿ ಹೆಸರುವಾಸಿ ಆದರೆ ಸಾಲದು, ಆ ಹೊತ್ತಿಗೆ ಭಾರತದ ಜನರಿಗೂ ಆ ಹೆಸರು ಗೊತ್ತಿತ್ತು ಅನ್ನುವುದನ್ನು ತೋರಿಸಬೇಕಿತ್ತು, ಟೊಯೊಟಾ ತೋರಿಸಲಿಲ್ಲ ಎಂದಿತು ಕೋರ್ಟ್. ಎಂಟು ವರ್ಷ ಯಾವ ಸಣ್ಣ ಕಾರ್ಖಾನೆ ತಡೆದುಕೊಳ್ಳುತ್ತದೆ ಹೇಳಿ.

ಹೊರದೇಶದಲ್ಲೂ ಬೇರೆಯಲ್ಲ. ಕ್ವಾಲಾಲಂಪುರದಲ್ಲಿ ಮ್ಯಾಕ್‌ಕರಿ ಅನ್ನುವ ಸಣ್ಣ ಹೋಟೆಲ್ ಇತ್ತು, ಭಾರತೀಯ ಅಡುಗೆಯದ್ದು, ಮಲೇಷ್ಯನ್ ಚಿಕನ್ ಕರಿ ಎಂಬುದರ ಚುಟುಕು ಅದು ಅಂದರು ಅದರ ಮಾಲೀಕರು. ಮ್ಯಾಕ್‌ಡೊನಾಲ್ಡ್ಸ್ ಬಿಡಲಿಲ್ಲ. 2009ರಲ್ಲಿ ಅಲ್ಲಿನ ಉನ್ನತ ಕೋರ್ಟ್ ಹೋಟೆಲ್ ಪರ ಹೇಳುವ ತನಕ ಎಂಟು ವರ್ಷ ಎಳೆದಾಡಿದರು. ಮೀನಿನ ತಲೆ ಸಾರು ತಿನ್ನಲು ಬಂದವರು ಬರ್ಗರ್ ಎಲ್ಲಿ ಎಂದು ಕೇಳುತ್ತಾರೆ ಅಂತ ಆ ಕಂಪನಿಗೆ ನಿಜವಾಗಿಯೂ ಅನ್ನಿಸಿತ್ತಾ, ನನಗೆ ಅನುಮಾನ.

ಯಾಕೆ ಹೀಗೆ ಬೆನ್ನು ಬೀಳುತ್ತಾರೆ ಎಂದು ಕೇಳಿದರೆ ಕಂಪನಿ ಕಡೆಯವರ ಹತ್ತಿರ ಒಂದು ಉತ್ತರ ಸಿದ್ಧ ಇರುತ್ತದೆ. ಹೆಸರನ್ನು ಕಾಯದಿದ್ದರೆ ಹೆಸರು ಕಳೆದುಹೋಗುತ್ತದೆ ಅನ್ನುತ್ತಾರೆ. ಪೂರ್ತಿ ಸುಳ್ಳಲ್ಲ. ಜೆರಾಕ್ಸ್ ಅನ್ನುವುದು ಒಂದು ಕಂಪನಿಯ ಹೆಸರು, ಆದರೆ ನಮ್ಮೂರಲ್ಲಿ ಯಾವ ಮಿಷನ್ ಇದ್ದರೂ ಅದು ಜೆರಾಕ್ಸ್ ಅಂಗಡಿಯೇ. ಹೆಸರು ಹೀಗೆ ಎಲ್ಲರ ಬಾಯಿಗೆ ಬಿದ್ದರೆ ಮಾಲೀಕರ ಹಿಡಿತ ಸಡಿಲ ಆಗುತ್ತದೆ ಅನ್ನುವ ಭಯ ಇರುವುದು ಸಹಜ. ಆದರೆ ಅದಕ್ಕೂ ನಮ್ಮ ಅಕ್ಕನ ಚಟ್ನಿಪುಡಿಗೂ ಏನು ಸಂಬಂಧ? ಆ ಪದ ಕಂಪನಿಯವರು ಹುಟ್ಟುವ ಮೊದಲೇ ಎಲ್ಲರ ಬಾಯಲ್ಲಿತ್ತು. ನನಗೆ ತೋಚುವ ಕಾರಣ ಬೇರೆ. ಪ್ರತಿ ವಾರ ಟ್ರೇಡ್‌ಮಾರ್ಕ್ ಜರ್ನಲ್ ಬರುತ್ತದೆ, ಅದರಲ್ಲಿ ಹೊಸ ಅರ್ಜಿಗಳು ಪ್ರಕಟ ಆಗುತ್ತವೆ. ದೊಡ್ಡ ಕಂಪನಿಗಳು ಇದನ್ನು ನೋಡಿಕೊಳ್ಳಲೆಂದೇ ಏಜೆನ್ಸಿ ಇಟ್ಟಿರುತ್ತವೆ. ಸಾಫ್ಟ್‌ವೇರ್ ಹುಡುಕುತ್ತದೆ, ಪದ ಹೋಲಿತೋ ಪಟ್ಟಿಗೆ ಸೇರುತ್ತದೆ, ನೋಟಿಸಿನ ನಮೂನೆ ಮೊದಲೇ ತಯಾರಿರುತ್ತದೆ, ಹೆಸರು ವಿಳಾಸ ಬದಲಿಸಿ ಕಳಿಸುತ್ತಾರೆ. ಅಲ್ಲಿ ಕೂತವರಿಗೆ ದಾವಣಗೆರೆಯ ಓಣಿ ಕಾಣುವುದಿಲ್ಲ. ಒಂದು ನೋಟಿಸ್ ಕಳಿಸಲು ಅವರಿಗೆ ಆಗುವ ಖರ್ಚು ಚಿಲ್ಲರೆ, ಉತ್ತರ ಕೊಡಲು ಇವರಿಗೆ ಆಗುವ ಖರ್ಚು ತಿಂಗಳ ದುಡಿಮೆ. ಇಲ್ಲೇ ಇರುವುದು ಎಲ್ಲ ಅನ್ಯಾಯ. ಕಾಯಿದೆಯಲ್ಲಿ ಎಷ್ಟು ನ್ಯಾಯ ಇದ್ದರೇನು, ಅದರ ಬಾಗಿಲ ತನಕ ಹೋಗಲು ಬಸ್ ಚಾರ್ಜ್ ಇಲ್ಲದಿದ್ದರೆ?

ಈಗ ಕಾಗದದ ನೋಟಿಸ್ ಕೂಡ ಬೇಕಾಗಿಲ್ಲ. ಆನ್‌ಲೈನ್ ಮಾರಾಟದ ತಾಣಗಳಲ್ಲಿ, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ಟ್ರೇಡ್‌ಮಾರ್ಕ್ ದೂರು ಕೊಡಲು ಒಂದು ಫಾರಂ ಇರುತ್ತದೆ. ನೋಂದಣಿ ಸಂಖ್ಯೆ ತುಂಬಿ ದೂರು ಕೊಟ್ಟರೆ ಪೇಜ್ ಮಾಯ. ಜಡ್ಜ್ ಇಲ್ಲ, ವಿಚಾರಣೆ ಇಲ್ಲ. ದೀಪಾವಳಿ ಆರ್ಡರ್ ಹೊತ್ತಿಗೆ ಪೇಜ್ ಹೋದರೆ ಆಮೇಲೆ ವಾಪಸ್ ಬಂದು ಏನು ಪ್ರಯೋಜನ.

ಗದ್ದಲ ಮಾಡಿದರೆ ಉಳಿಯಬಹುದು, ಅದಕ್ಕೂ ಉದಾಹರಣೆ ಇದೆ. 2021ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನ ಬಿಗ್‌ಬಾಸ್ಕೆಟ್ ಕಂಪನಿ ಕೊಯಮತ್ತೂರಿನ ಡೈಲಿಬಾಸ್ಕೆಟ್ ಅನ್ನುವ ಪುಟ್ಟ ದಿನಸಿ ಕಂಪನಿಗೆ ನೋಟಿಸ್ ಕಳಿಸಿತು. ತಕರಾರು ಬಾಸ್ಕೆಟ್ ಅನ್ನುವ ಪದದ ಮೇಲೆ. ಬುಟ್ಟಿ ಸ್ವಾಮಿ, ಬುಟ್ಟಿ! ಆ ಹುಡುಗರು ಹೆದರಿ ಮುಚ್ಚಿಕೊಂಡು ಕೂರಲಿಲ್ಲ. ಬಿಗ್‌ಬಾಸ್ಕೆಟ್ ದಬ್ಬಾಳಿಕೆ ಮಾಡುತ್ತಿದೆ ಅನ್ನುವ ಅರ್ಥ ಬರುವ ಹೆಸರಲ್ಲೇ ಒಂದು ವೆಬ್‌ಸೈಟ್ ತೆರೆದು ನೋಟಿಸನ್ನು ಊರಿಗೆಲ್ಲ ತೋರಿಸಿದರು. ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿ ಆಯಿತು. 2019ರಲ್ಲಿ ಗುಜರಾತಿನ ಆಲೂಗಡ್ಡೆ ರೈತರ ಮೇಲೆ ಪೆಪ್ಸಿಕೋ ತಲಾ ಒಂದು ಕೋಟಿಗೂ ಜಾಸ್ತಿ ಕೇಳಿ ಕೇಸ್ ಹಾಕಿದ್ದೂ ನೆನಪಿರಬಹುದು. ಅದು ಟ್ರೇಡ್‌ಮಾರ್ಕ್ ಅಲ್ಲ, ಬೆಳೆ ತಳಿಯ ಹಕ್ಕು, ಆದರೆ ವರಸೆ ಅದೇ. ದೇಶವೆಲ್ಲ ಉಗಿದ ಮೇಲೆ ಕೇಸ್ ವಾಪಸ್ ತೆಗೆದುಕೊಂಡರು. ಆದರೆ ಗದ್ದಲ ಮಾಡಲೂ ಇಂಗ್ಲಿಷ್ ಬೇಕು, ಫಾಲೋವರ್ಸ್ ಬೇಕು, ಪತ್ರಕರ್ತರ ಪರಿಚಯ ಬೇಕು. ರೊಟ್ಟಿ ಬಡಿಯುವವರಿಗೆ ಅದೆಲ್ಲ ಎಲ್ಲಿಂದ ಬರಬೇಕು?

ಒಂದು ಮಾತು ಒಪ್ಪಿಕೊಂಡೇ ಮುಂದೆ ಹೋಗಬೇಕು. ಸಣ್ಣವರೆಲ್ಲ ಸಾಚಾ ಅಲ್ಲ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪ್ ತಯಾರಿಸುತ್ತಿದ್ದವರು ಸಿಕ್ಕಿಬಿದ್ದರು. ಅಂಥವರನ್ನು ಒಳಗೆ ಹಾಕಲಿ, ನನ್ನದೇನೂ ತಕರಾರಿಲ್ಲ. ನಕಲಿ ತುಪ್ಪ, ನಕಲಿ ಔಷಧಿ ಅಂದರೆ ಜನರ ಹೊಟ್ಟೆಯ ಪ್ರಶ್ನೆ. ದೆಹಲಿಯಲ್ಲಿ ಸರ್ದಾರ್‌ಬಕ್ಷ್ ಅಂತ ಒಂದು ಕಾಫಿ ಅಂಗಡಿ ಇತ್ತು, ವೃತ್ತದ ಒಳಗೆ ಪೇಟ ಸುತ್ತಿದ ಸರ್ದಾರನ ಮುಖ. ಅಮೆರಿಕದ ಕಾಫಿ ಕಂಪನಿ ಸ್ಟಾರ್‌ಬಕ್ಸ್ ಕೋರ್ಟಿಗೆ ಹೋಯಿತು, 2018ರಲ್ಲಿ ಅವರು ಸರ್ದಾರ್‌ಜಿ ಬಕ್ಷ್ ಎಂದು ಬದಲಿಸಿಕೊಂಡರು. ತಮಾಷೆಯೇ, ಆದರೆ ಬೇರೆಯವರ ಹೆಸರಿನ ಬೆನ್ನೇರಿ ಹೋಗುವ ತಮಾಷೆ. ಅಲ್ಲಿ ಸ್ಟಾರ್‌ಬಕ್ಸ್ ಕಡೆಯೂ ಸ್ವಲ್ಪ ನ್ಯಾಯ ಇತ್ತು ಅನ್ನುತ್ತೇನೆ. ಬೇರೆಯವರ ಗಿರಾಕಿಗೆ ಟೋಪಿ ಹಾಕಲು ಹೆಸರು ಎತ್ತುವುದು ಒಂದು, ಎಲ್ಲರ ಮಾತಿನಲ್ಲಿರುವ ಪದವನ್ನು ತಾನೂ ಇಟ್ಟುಕೊಳ್ಳುವುದು ಇನ್ನೊಂದು. ಇವೆರಡಕ್ಕೂ ಒಂದೇ ನಮೂನೆಯ ನೋಟಿಸ್ ಹೋಗುತ್ತದೆ, ನನ್ನ ಸಿಟ್ಟು ಅದಕ್ಕೆ.

ನಮ್ಮ ರಾಜ್ಯದಲ್ಲಿ ಹೆಸರುಗಳು ಹೇಗೆ ಬದುಕಿಕೊಂಡು ಬಂದಿವೆ ನೋಡಿ. ಬೆಂಗಳೂರಿನಲ್ಲಿ ಎಸ್‌ಎಲ್‌ವಿ ಹೋಟೆಲ್ ಎಷ್ಟಿವೆ, ಯಾರಿಗಾದರೂ ಲೆಕ್ಕ ಗೊತ್ತಾ? ಬೇರೆ ಬೇರೆ ಮಾಲೀಕರು, ಎಲ್ಲರಿಗೂ ಶ್ರೀ ಲಕ್ಷ್ಮೀ ವೆಂಕಟೇಶ್ವರನೇ ಬೇಕು. ಅಯ್ಯಂಗಾರ್ ಬೇಕರಿ ಇಲ್ಲದ ಬಡಾವಣೆ ಇಲ್ಲ, ಯಾವ ಅಯ್ಯಂಗಾರರೂ ಇನ್ನೊಬ್ಬರಿಗೆ ನೋಟಿಸ್ ಕಳಿಸಿದ್ದು ನಾನು ಕೇಳಿಲ್ಲ. ಉಡುಪಿ ಹೋಟೆಲ್ ಅಂತೂ ದೇಶ ದಾಟಿ ಹೋಗಿದೆ. ನಮ್ಮೂರಿನ ಬೆಣ್ಣೆ ದೋಸೆಯದ್ದೂ ಅದೇ ಕಥೆ. ಯಾರ ದೋಸೆ ಒಳ್ಳೆಯದು ಎಂದು ನಾವು ಜಗಳ ಆಡುತ್ತೇವೆ, ಹೆಸರು ಯಾರದ್ದು ಎಂದು ಅಲ್ಲ. ಗಿರಾಕಿಗೆ ಯಾವುದು ಯಾರದ್ದು ಎಂದು ಚೆನ್ನಾಗಿ ಗೊತ್ತಿರುತ್ತದೆ, ಬಸ್‌ಸ್ಟ್ಯಾಂಡ್ ಹತ್ತಿರದ್ದು, ಮೂಲೆಯದ್ದು, ಹಳೇದು, ಮಗನದ್ದು ಅಂತ ಗುರುತು ಹಿಡಿದೇ ಹೋಗುತ್ತಾನೆ. ಈಗ ಯಾರೋ ಒಬ್ಬರು ಬಂಡವಾಳ ತಂದು ಇಂಥ ಹೆಸರಿನ ಯಾವುದಾದರೂ ಒಂದು ತುಂಡನ್ನು ನೋಂದಣಿ ಮಾಡಿಸಿ ನೂರು ಅಂಗಡಿ ತೆರೆದರು ಅಂದುಕೊಳ್ಳಿ. ಕಾಯಿದೆಯಲ್ಲಿ ಅವರಿಗೆ ಆ ಪದ ದಕ್ಕದೇ ಇರಬಹುದು. ಆದರೆ ನೋಟಿಸ್ ಕಳಿಸುವುದನ್ನು ಯಾರು ತಡೆಯುತ್ತಾರೆ? ಅರ್ಧ ಜನ ಅಲ್ಲೇ ಬೋರ್ಡ್ ಇಳಿಸಿರುತ್ತಾರೆ. ರಾಮಾಯಣ ಅನ್ನುವ ಹೆಸರನ್ನು ಅಗರಬತ್ತಿಗೆ ತನ್ನದೇ ಸ್ವತ್ತು ಮಾಡಿಕೊಳ್ಳಲು ಹೋದವರಿಗೆ 2015ರಲ್ಲಿ ಸುಪ್ರೀಂ ಕೋರ್ಟ್ ಆಗದು ಎಂದಿತ್ತು. ರಾಮಾಯಣಕ್ಕೇ ಅಷ್ಟು ದೂರ ಹೋಗಬೇಕಾಯಿತು ಅಂದ ಮೇಲೆ ಚಟ್ನಿಪುಡಿಯ ಪಾಡೇನು.

ಈಗ ನೋಟಿಸ್ ಬಂದವರಿಗೆ ನನ್ನದೊಂದು ಮಾತು. ಮೊದಲು ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಮುಚ್ಚಳಿಕೆಗಂತೂ ಬೇಡವೇ ಬೇಡ. ಫೋನಿನಲ್ಲಿ ಒಪ್ಪಿಕೊಳ್ಳಬೇಡಿ. ಹಳೇ ಬಿಲ್ ಪುಸ್ತಕ, ಪಂಚಾಯಿತಿ ಅಥವಾ ಪಾಲಿಕೆ ಲೈಸೆನ್ಸ್, ಮುದ್ರಣದವರ ರಸೀದಿ, ಅಂಗಡಿ ಉದ್ಘಾಟನೆಯ ಆಮಂತ್ರಣ, ತಾರೀಖು ಇರುವ ಫೋಟೊ, ಏನು ಸಿಕ್ಕರೂ ಒಂದು ಕಡೆ ಸೇರಿಸಿ. ಎಂದಿನಿಂದ ಈ ಹೆಸರಲ್ಲಿ ಇದ್ದೀರಿ ಅನ್ನುವುದಕ್ಕೆ ಸಾಕ್ಷಿ ಅದೇ. ಹೆಂಗಸರು ನಡೆಸುವ ಉದ್ಯಮ ಆದರೆ ಇನ್ನೊಂದು ದಾರಿ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ಜಿಲ್ಲಾ ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇರುತ್ತದೆ, ಅಲ್ಲಿಗೆ ಹೋಗಿ ಅರ್ಜಿ ಕೊಡಿ. ಸ್ತ್ರೀಶಕ್ತಿ ಸಂಘಗಳು ಇದನ್ನು ಗಮನಿಸಬೇಕು. ಅಕ್ಕನ ನೋಟಿಸ್ ಬಂದಾಗ ಇದು ನಮಗ್ಯಾರಿಗೂ ಹೊಳೆಯಲಿಲ್ಲ.

ಹೊಸದಾಗಿ ಶುರು ಮಾಡುವವರು ನೋಂದಣಿ ಮಾಡಿಸಿಬಿಡಿ. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಆದರೆ ಆನ್‌ಲೈನ್ ಅರ್ಜಿಗೆ ಸರ್ಕಾರಿ ಶುಲ್ಕ ಸರಕು ಅಥವಾ ಸೇವೆಯ ಒಂದು ವರ್ಗಕ್ಕೆ 4,500 ರೂಪಾಯಿ, ಹತ್ತು ವರ್ಷ ಬಾಳಿಕೆ. ಆದರೆ ಅರ್ಜಿ ಹಾಕಿ ಮರೆತರೆ ಕೆಟ್ಟಿತು. ಜರ್ನಲ್‌ನಲ್ಲಿ ಬಂದ ಮೇಲೆ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ತಕರಾರು ತೆಗೆಯಬಹುದು. ಅದು ನಿಮ್ಮ ಕೈಗೆ ಬಂದ ಎರಡು ತಿಂಗಳಲ್ಲಿ ಉತ್ತರ ಕೊಡದಿದ್ದರೆ ಅರ್ಜಿ ಕೈಬಿಟ್ಟ ಹಾಗೆಯೇ ಲೆಕ್ಕ. ತಕರಾರಿನ ಮೇಲ್ ಯಾರೋ ಏಜೆಂಟರ ಇನ್‌ಬಾಕ್ಸಿನಲ್ಲಿ ಬಿದ್ದಿರುತ್ತದೆ, ಇವರಿಗೆ ಗೊತ್ತೇ ಇರುವುದಿಲ್ಲ. ಹೀಗೆ ಕಳೆದುಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ. ಅರ್ಜಿಯಲ್ಲಿ ನಿಮ್ಮದೇ ಮೇಲ್, ನಿಮ್ಮದೇ ಮೊಬೈಲ್ ನಂಬರ್ ಕೊಡಿ.

ಸರ್ಕಾರಕ್ಕೆ ಕೇಳುವುದು ಎರಡೇ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕೈಗಾರಿಕಾ ಕೇಂದ್ರ ಇದೆ. ಸಾಲದ ಅರ್ಜಿ, ಸಬ್ಸಿಡಿ ಅರ್ಜಿ ತೆಗೆದುಕೊಳ್ಳುವ ಹಾಗೆ ಇಂಥ ನೋಟಿಸನ್ನೂ ತೆಗೆದುಕೊಂಡು, ಓದಿ ಹೇಳುವ ಒಬ್ಬ ವಕೀಲರು ವಾರಕ್ಕೆ ಒಂದು ದಿನವಾದರೂ ಅಲ್ಲಿ ಕೂರಲಿ. ಉತ್ತರ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ನನ್ನ ಅನುಭವದಲ್ಲಿ ಹೇಳುವುದಾದರೆ, ವಕೀಲರ ಲೆಟರ್‌ಹೆಡ್‌ನಲ್ಲಿ ಕಲಂ ಸಮೇತ ಒಂದು ಪುಟದ ಉತ್ತರ ಹೋದರೆ ಸುಮಾರು ಜನ ಮತ್ತೆ ತಲೆ ಹಾಕುವುದಿಲ್ಲ, ಅವರಿಗೂ ಗೊತ್ತು ತಮ್ಮ ಕಡೆ ಎಷ್ಟು ಗಟ್ಟಿ ಇದೆ ಅಂತ. ಕಾಸಿಯಾದಂಥ ಸಣ್ಣ ಕೈಗಾರಿಕೆಗಳ ಸಂಘಗಳೂ ಈ ಕೆಲಸ ಮಾಡಬಹುದು. ಎರಡನೆಯದು ಕೇಂದ್ರದ ಕೈಯಲ್ಲಿರುವುದು, ಆ 142ನೇ ಕಲಮಿನ ತೂತು ಮುಚ್ಚಬೇಕು. ನೋಟಿಸ್ ಆಧಾರ ಇಲ್ಲದ್ದು ಎಂದು ಆದರೆ ಆಮೇಲೆ ಕೇಸ್ ಹಾಕಿದ ಮಾತ್ರಕ್ಕೆ ಕಂಪನಿ ತಪ್ಪಿಸಿಕೊಳ್ಳುವಂತೆ ಇರಬಾರದು, ಎದುರಿನವರ ವಕೀಲರ ಖರ್ಚು ಪೂರ್ತಿ ಅವರೇ ಕೊಡಬೇಕು. ನಮ್ಮ ಸಂಸದರು ಯಾರಾದರೂ ಇದನ್ನು ಸದನದಲ್ಲಿ ಎತ್ತುತ್ತಾರಾ?

ನಿಮಗೂ ಒಂದು ಕೋರಿಕೆ ಇದೆ, ಸಂಪಾದಕರೇ. ವಾಣಿಜ್ಯ ಪುಟದಲ್ಲಿ ವಾರಕ್ಕೊಮ್ಮೆ ಸ್ವಲ್ಪ ಜಾಗ ಬಿಡಿ. ಇಂಥ ನೋಟಿಸ್ ಬಂದವರು ಕಳಿಸಲಿ, ಅಂಗಡಿಯವರ ಹೆಸರು ಅಳಿಸಿ, ಯಾವ ಪದಕ್ಕೆ ಯಾರು ತಕರಾರು ತೆಗೆದರು ಅನ್ನುವಷ್ಟನ್ನು ನಿಮ್ಮ ವಕೀಲರು ನೋಡಿ ಒಪ್ಪಿದ ಮೇಲೆ ಅಚ್ಚು ಹಾಕಿ. ಮೊದಲನೆಯದನ್ನು ನಾನೇ ಕಳಿಸುತ್ತೇನೆ, ಅಕ್ಕ ಒಪ್ಪಿದ್ದಾರೆ.

ಹೆಸರು ಪ್ರಕಟಿಸಬೇಡಿ, ನನ್ನ ಹೆಸರಿನಿಂದ ಅವರ ಗುರುತು ಸಿಕ್ಕಿಬಿಡುತ್ತದೆ.

ಇತಿ,
ಒಬ್ಬ ಲೆಕ್ಕಪತ್ರದವ, ದಾವಣಗೆರೆ